ಶಿರಸಿಯ ಕೆಂಪು ಕೋರ್ಟಿಂದ ಪ್ಯಾರಿಸ್ ಕ್ಲೇವರೆಗೆ: ತೋಟ ಅಡವಿಡೋ ಮುಂಚೆ ಇಷ್ಟು ಓದಿ

ಪ್ರಶ್ನೆ: ನಾವು ಶಿರಸಿ ಹತ್ರದವರು. ನಾನು ಹೈಸ್ಕೂಲ್ ಟೀಚರ್, ನಮ್ಮ ಮನೆಯವರು ಅಡಿಕೆ ತೋಟ ನೋಡ್ಕೊಳ್ತಾರೆ. ಮಗನಿಗೆ 13 ವರ್ಷ, ಊರಿನ ಕ್ಲಬ್ಬಿನ ಮಣ್ಣಿನ ಕೋರ್ಟಲ್ಲಿ ಟೆನಿಸ್ ಕಲ್ತ, ಈಗ ಶನಿವಾರ ಭಾನುವಾರ ಹುಬ್ಬಳ್ಳಿಗೆ ಕೋಚಿಂಗಿಗೆ ಹೋಗ್ತಾನೆ. ಅಲ್ಲಿಯ ಕೋಚು "ಇವನದ್ದು ಪಕ್ಕಾ ಕ್ಲೇ ಕೋರ್ಟ್ (ಮಣ್ಣಿನ ಕೋರ್ಟ್) ಆಟ, ಇಲ್ಲಿ ವೇಸ್ಟ್ ಆಗ್ತಾನೆ, ಸ್ಪೇನಿಗೆ ಕಳಿಸಿ" ಅಂತಾರೆ. ಅಕಾಡೆಮಿ ಫೀ ಕೇಳಿ ತಲೆ ತಿರುಗ್ತು. ತೋಟದ ಮೇಲೆ ಸಾಲ ತೆಗೆಯೋ ಮಾತು ಮನೇಲಿ ನಡೀತಾ ಇದೆ. ಕ್ಲೇ ಕೋರ್ಟ್ ಆಟಗಾರ ಅಂತ ಒಂದು ಕರಿಯರ್ ನಿಜವಾಗ್ಲೂ ಇದ್ಯಾ? ಅದ್ರಲ್ಲಿ ಹೊಟ್ಟೆ ತುಂಬುತ್ತಾ?

ಉತ್ತರ: ಅಕ್ಕೋರೇ, ಮೊದ್ಲು ಸಾಲದ ವಿಷ್ಯ ಮುಗಿಸಿಬಿಡ್ತೇನೆ, ಉಳಿದದ್ದು ಆಮೇಲೆ. ಈಗ ತೋಟದ ಮೇಲೆ ಒಂದು ರೂಪಾಯಿನೂ ಎತ್ತಬೇಡಿ. ಮಗ ಚೆನ್ನಾಗಿ ಆಡಲ್ಲ ಅಂತ ಹೇಳ್ತಾ ಇಲ್ಲ, ಅವನ ಆಟ ನಾನು ನೋಡೇ ಇಲ್ಲ. ಆದ್ರೆ 13ನೇ ವರ್ಷಕ್ಕೆ ಯಾರ ಮಗನ್ನೂ ಕ್ಲೇ ಪ್ಲೇಯರ್ ಅಂತ ಸೀಲ್ ಹೊಡೆಯೋಕೆ ಬರಲ್ಲ, ಹಾಗೆ ಸೀಲ್ ಹೊಡೆಸ್ಕೊಂಡು ಜೀವನ ಮಾಡೋ ಕಾಲನೂ ಹೆಚ್ಚುಕಮ್ಮಿ ಮುಗಿದಿದೆ. ಹೊಟ್ಟೆ ತುಂಬ್ಸೋದು ರ‍್ಯಾಂಕಿಂಗು. ಕ್ಲೇ ಆ ರ‍್ಯಾಂಕಿಂಗಿಗೆ ಹತ್ತೋ ದಾರಿಗಳಲ್ಲಿ ಒಂದು, ಒಳ್ಳೆ ದಾರಿನೇ, ಆದ್ರೆ ನಮ್ಮ ಕಡೆಯಿಂದ ಸ್ವಲ್ಪ ದೂರದ ದಾರಿ.

ಕೋರ್ಟಿಂದಲೇ ಶುರು ಮಾಡೋಣ, ಗೊಂದಲ ಹುಟ್ಟೋದೇ ಅಲ್ಲಿ. ನಾನು ಕಾರವಾರದಲ್ಲಿ ಮಕ್ಕಳಿಗೆ ಟೆನಿಸ್ ಹೇಳ್ಕೊಡೋನು, ಬೇಸಿಗೆ ರಜೆಗೆ ಘಟ್ಟದ ಮೇಲಿಂದನೂ ಮಕ್ಕಳು ಬರ್ತಾರೆ, ನಿಮ್ಮ ಕಡೆ ಕೋರ್ಟುಗಳಲ್ಲೂ ಆಡಿದ್ದೇನೆ. ಅದು ಜಂಬಿಟ್ಟಿಗೆ ಮಣ್ಣು. ಬಿಸಿಲಿಗೆ ಒಣಗಿ ಗಟ್ಟಿ ಕೂತ್ಕೊಳ್ತದೆ, ಮೇಲೆ ಮಾತ್ರ ಒಂದಿಷ್ಟು ಸಡಿಲ ಪುಡಿ, ಮಳೆ ಬಿತ್ತೋ ಶೂಗೆ ಮೆತ್ತೋ ಕೆಸರು. ಟಿವಿಯಲ್ಲಿ ಕಾಣೋ ಪ್ಯಾರಿಸ್ಸಿನ ಕೋರ್ಟೂ ಕೆಂಪು, ನಮ್ಮದೂ ಕೆಂಪು, ಅಷ್ಟಕ್ಕೇ ಎರಡೂ ಒಂದೇ ಜಾತಿ ಅಂತ ಜನ ಅಂದ್ಕೊಳ್ತಾರೆ. ಪ್ಯಾರಿಸ್ಸಲ್ಲಿ ಫ್ರೆಂಚ್ ಓಪನ್ ನಡೆಯೋ ರೋಲ್ಯಾಂಡ್ ಗ್ಯಾರೋಸಲ್ಲಿ ಮೇಲೆ ಕಾಣೋ ಕೆಂಪು ಇದ್ಯಲ್ಲ, ಅದು ಇಟ್ಟಿಗೆ ಪುಡಿ, ಅದೂ 1-2 ಮಿಲಿಮೀಟರ್ ಅಷ್ಟೇಯ. ಅದ್ರ ಕೆಳಗೆ ಬಿಳಿ ಸುಣ್ಣಕಲ್ಲಿನ ಪುಡಿ 6-7 ಸೆಂಟಿಮೀಟರ್, ಅದ್ರ ಕೆಳಗೆ ಕಲ್ಲಿದ್ದಲು ಉರಿದು ಉಳಿದ ಕಿಟ್ಟ, ಅದ್ರ ಕೆಳಗೆ ಜಲ್ಲಿ ಕಲ್ಲು, ಎಲ್ಲ ಸೇರಿ ಸುಮಾರು 80 ಸೆಂಟಿಮೀಟರ್ ಆಳ. ನೀರು ಹಿಡ್ಕೊಂಡಿರೋದು ಆ ಸುಣ್ಣಕಲ್ಲು, ಕೋರ್ಟಿನ ಜೀವ ಇರೋದೇ ಅದ್ರಲ್ಲಿ. ಮೇಲಿನ ಪುಡಿ ಕಾಲು ಜಾರೋಕೆ, ಬಾಲ್ ಗುರುತು ಕಾಣೋಕೆ. ದಿನಾ ನೀರು ಹಾಕ್ಬೇಕು, ಆಟ ಮುಗಿದ ಮೇಲೆ ಚಾಪೆ ಎಳೀಬೇಕು, ತೇವ ಹಾರಿಹೋಗ್ಬಾರ್ದು ಅಂತ ಕ್ಯಾಲ್ಸಿಯಂ ಕ್ಲೋರೈಡ್ ಕೂಡ ಹಾಕ್ತಾರೆ. ಈ ಇಟ್ಟಿಗೆ ಪುಡಿ ಕಥೆ ಶುರುವಾಗಿದ್ದು 1880ರ ಸುಮಾರಿಗೆ ಅಂತಾರೆ, ಇಂಗ್ಲೆಂಡಿನ ರೆನ್ಶಾ ಅಣ್ಣತಮ್ಮಂದ್ರು ದಕ್ಷಿಣ ಫ್ರಾನ್ಸಿನ ಕಾನ್ ಊರಲ್ಲಿ ಹುಲ್ಲಿನ ಕೋರ್ಟು ಬಿಸಿಲಿಗೆ ಸುಟ್ಟೋಗ್ತದೆ ಅಂತ ಪಕ್ಕದ ಊರಿನ ಒಡೆದ ಮಡಕೆ ತರಿಸಿ ಪುಡಿ ಮಾಡಿ ಹರಡಿದ್ರಂತೆ.

ಇದನ್ನ ಕೇಳಿದ ಕೂಡ್ಲೇ ನಮ್ಮಲ್ಲಿ ಒಬ್ರಾದ್ರೂ ಹೇಳ್ತಾರೆ, ಹಂಗಾದ್ರೆ ಮನೆ ಹಿಂದೆ ರಾಶಿ ಬಿದ್ದಿರೋ ಹಳೇ ಮಂಗಳೂರು ಹಂಚು ಕುಟ್ಟಿ ಜರಡಿ ಹಿಡಿದು ಹಾಕಿದ್ರೆ ಆಯ್ತಲ್ಲ ಅಂತ. ಹಾಕಬಹುದು, ಚೆಂದನೂ ಕಾಣ್ತದೆ. ಆದ್ರೆ ಕೆಳಗೆ ನೀರು ಹಿಡಿಯೋ ಪದರ ಇಲ್ಲದಿದ್ರೆ ಮಧ್ಯಾಹ್ನದ ಗಾಳಿಗೇ ಪುಡಿ ಬೇಲಿ ದಾಟಿರ್ತದೆ, ಉಳಿದದ್ದು ಜೂನ್ ಮೊದಲ ವಾರಕ್ಕೆ ಚರಂಡಿಗೆ. ಸ್ಪೇನಿನವ್ರಿಗೆ ನಮ್ಮ ಹಾಗೆ ನಾಲ್ಕು ತಿಂಗಳು ಹೊಡೆಯೋ ಮಳೆ ಇಲ್ಲ, ಅವ್ರಿಗೆ ಇದು ಸುಲಭದ ಕೋರ್ಟು, ನಮಗಲ್ಲ.

ಆಟದಲ್ಲಿ ಇದ್ರಿಂದ ಎಂತ ವ್ಯತ್ಯಾಸ ಅಂದ್ರೆ, ನಮ್ಮ ಒಣಗಿದ ಮಣ್ಣಿನ ಮೇಲೆ ಬಾಲ್ ಅಷ್ಟೇನೂ ನಿಧಾನ ಆಗಲ್ಲ, ಕೆಳಗೇ ಬರ್ತದೆ, ಕೆಲವೊಮ್ಮೆ ಕಲ್ಲಿಗೆ ಬಡಿದು ಎಲ್ಲೆಲ್ಲಿಗೋ ಹಾರ್ತದೆ. ಯೂರೋಪಿನ ಕ್ಲೇ ಮೇಲೆ ಬಾಲ್ ನೆಲ ಕಚ್ಚಿ ವೇಗ ಕಳ್ಕೊಂಡು ಎತ್ತರಕ್ಕೆ ಏಳ್ತದೆ, ಟಾಪ್‌ಸ್ಪಿನ್ (ಬಾಲನ್ನ ಮುಂದಕ್ಕೆ ಉರುಳೋ ಹಾಗೆ ತಿರುಗಿಸಿ) ಹೊಡೆದವನದ್ದಾದ್ರೆ ಭುಜದ ಮೇಲಕ್ಕೆ. ಸ್ಪೇನಿನ ನಡಾಲ್ ಫೋರ್‌ಹ್ಯಾಂಡು ಸರಾಸರಿ ನಿಮಿಷಕ್ಕೆ 3200 ಸುತ್ತು ತಿರುಗ್ತಿತ್ತು ಅಂತ ಅಳತೆ ಮಾಡಿದ್ದಾರೆ. ನಿಮ್ಮ ಮಗ ಹಿಂದೆ ನಿಂತು ತಾಳ್ಮೆಯಿಂದ ಹತ್ತಿಪ್ಪತ್ತು ಬಾಲ್ ವಾಪಸ್ ಹಾಕ್ತಾನೆ, ಕೋಚ್ ಅದನ್ನ ಕ್ಲೇ ಆಟ ಅಂದಿರಬಹುದು. ಅದು ತಾಳ್ಮೆ, ಒಳ್ಳೇ ಗುಣ. ಆದ್ರೆ ಈಗಿನ ಕ್ಲೇಯಲ್ಲಿ ಬರೇ ವಾಪಸ್ ಹಾಕೋನು ಎರಡನೇ ರೌಂಡ್ ದಾಟಲ್ಲ. ಬಾಲ್ ನಿಧಾನ ಇರೋದ್ರಿಂದಲೇ ಅಲ್ಲಿ ಪಾಯಿಂಟ್ ಮುಗಿಸೋಕೆ ಇನ್ನೂ ಗಟ್ಟಿ ಹೊಡೀಬೇಕು. ಸ್ಪೇನಿನ ಈಗಿನ ಆಟಗಾರ ಅಲ್ಕರಾಜ್ ಡ್ರಾಪ್ ಶಾಟ್, ಅಂದ್ರೆ ನೆಟ್ ದಾಟಿ ಅಲ್ಲೇ ಬೀಳೋ ಮೆತ್ತಗಿನ ಹೊಡೆತ, ಹಾಕೋದು ನೋಡಿ, ಎದುರಾಳಿ ಅವನ ಫೋರ್‌ಹ್ಯಾಂಡ್ ಹೆದರಿಕೆಗೆ ಮೂರು ಮೀಟರ್ ಹಿಂದೆ ನಿಂತಿರ್ತಾನೆ, ಅದಕ್ಕೇ ಆ ಡ್ರಾಪ್ ಬೀಳ್ತದೆ.

ಒಂದು ಮಜಾ ವಿಷ್ಯ, ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲೆ ಇದೆ, ಮ್ಯಾಡ್ರಿಡ್ ಕೂಡ 650ರ ಆಸುಪಾಸು. ಅಲ್ಲಿ ಬಾಲ್ ಸ್ವಲ್ಪ ಹಾರ್ತದೆ, ಸರ್ವ್ ಚೆನ್ನಾಗಿರೋರಿಗೆ ಮ್ಯಾಡ್ರಿಡ್ ಇಷ್ಟ. ಮಾಂಟೆ ಕಾರ್ಲೊ ನಮ್ಮ ಕಾರವಾರದ ಹಾಗೆ ಕಡಲ ಪಕ್ಕ, ತೇವಕ್ಕೆ ಬಾಲ್ ಉಬ್ಬಿ ಭಾರ ಆಗ್ತದೆ. ದೇವಿಮನೆ ಘಟ್ಟ ಇಳಿದು ಇಲ್ಲಿಗೆ ಬಂದ ಮಕ್ಕಳು ಮೊದಲ ದಿನ "ಸರ್, ಬಾಲ್ ಹೋಗ್ತಾನೇ ಇಲ್ಲ" ಅಂತಾರೆ, ಅದೇ ಕಾರಣಕ್ಕೆ. ಏಪ್ರಿಲಲ್ಲಿ ಮಾಂಟೆ ಕಾರ್ಲೊ, ಆಮೇಲೆ ಮ್ಯಾಡ್ರಿಡ್, ಆಮೇಲೆ ರೋಮ್, ಕೊನೆಗೆ ಪ್ಯಾರಿಸ್, ಹೀಗೆ ಕ್ಲೇ ಅನ್ನೋ ಒಂದೇ ಹೆಸರಲ್ಲಿ ನಾಲ್ಕು ಬೇರೆ ಬೇರೆ ಆಟ ಆಡ್ಬೇಕು.

ಇನ್ನು ಕಾಲು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೇನೆ, ಹುಡುಗನ ಭವಿಷ್ಯದ ಬಗ್ಗೆ ನಿಜವಾದ ಸುಳಿವು ಸಿಗೋದು ಇಲ್ಲೇ. ಪ್ರ್ಯಾಕ್ಟೀಸ್ ಮುಗಿದ ಮೇಲೆ ಕೋರ್ಟ್ ಗುಡಿಸೋ ಮುಂಚೆ ಕೋರ್ಟಿನ ಹಿಂದಿನ ಗೆರೆ, ಅಂದ್ರೆ ಬೇಸ್‌ಲೈನ್ ಹತ್ರ ಹೋಗಿ ಬಗ್ಗಿ ನೋಡಿ, ಅವನು ಜಾರಿದ ಗೆರೆಗಳು ಮಣ್ಣಲ್ಲಿ ಇರ್ತವೆ. ಓಡ್ತಾ ಬಂದು, ಬಾಲ್ ಹತ್ರ ಆಗೋ ಮುಂಚೆಯೇ ಜಾರು ಶುರು ಮಾಡಿ, ಜಾರು ಮುಗಿಯೋ ಹೊತ್ತಿಗೆ ರ‍್ಯಾಕೆಟ್ ಬಾಲಿಗೆ ತಾಗ್ಬೇಕು, ಇದು ಸರಿಯಾದ ಸ್ಲೈಡ್. ಹಾಗಿದ್ರೆ ಗೆರೆ ಉದ್ದಕ್ಕೆ ಒಂದೇ ಸಮ ಇರ್ತದೆ, ಕೊನೇಲಿ ಪುಡಿ ಸಣ್ಣ ದಿಬ್ಬ ಆಗಿರ್ತದೆ, ಅಲ್ಲಿಂದ ಹಿಮ್ಮಡಿ ತಿರುಗಿಸಿ ವಾಪಸ್ ತಳ್ಳಿದ ಗುರುತು ಕಾಣ್ತದೆ. ನಮ್ಮ ಮಕ್ಕಳಲ್ಲಿ ಹೆಚ್ಚಿನೋರು ಮಾಡೋದು ಉಲ್ಟಾ, ಓಡಿ ಬಂದು ಹೊಡೆದು ಆಮೇಲೆ ಜಾರ್ತಾರೆ, ಅಂದ್ರೆ ಬ್ರೇಕ್ ಸಿಗದೆ ಜಾರಿಹೋಗ್ತಾರೆ, ನೋಡೋರಿಗೆ ನಡಾಲ್ ಹಾಗೇ ಕಾಣ್ತದೆ, ಫೋಟೋಗೂ ಚೆಂದ. ಆದ್ರೆ ಆ ಗೆರೆ ಬಾಲ್ ಹೊಡೆದ ಜಾಗ ದಾಟಿ ಎರಡು ಹೆಜ್ಜೆ ಆಚೆಗೆ ಹೋಗಿರ್ತದೆ, ಮುಂದಿನ ಬಾಲಿಗೆ ಆ ಎರಡು ಹೆಜ್ಜೆ ತಡ ಆಯ್ತು ಅಂತಲೇ ಲೆಕ್ಕ. ಎಡಕ್ಕೂ ಬಲಕ್ಕೂ ಎರಡೂ ಕಾಲಲ್ಲಿ ಜಾರೋಕೆ ಬರ್ತದಾ ನೋಡಿ, ಬಹಳ ಮಕ್ಕಳಿಗೆ ಒಂದೇ ಕಡೆ ಬರ್ತದೆ. ಶೂ ತಳದಲ್ಲಿ ಪೂರ್ತಿ ವಿ ಆಕಾರದ ಗೆರೆ ಇರೋ ಕ್ಲೇ ಶೂ ತೊಗೊಳ್ಳಿ, ರನ್ನಿಂಗ್ ಶೂ ಹಾಕ್ಕೊಂಡು ಮಣ್ಣಲ್ಲಿ ಜಾರಿದ್ರೆ ಮೊದ್ಲು ಹೋಗೋದು ಕಣಕಾಲು.

ಈಗ ದುಡ್ಡು. ಪ್ರೊಫೆಷನಲ್ ಅನ್ನೋದು ಐಟಿಎಫ್ (ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್) ಟೂರ್ನಿಗಳಿಂದ ಶುರು. ಅದ್ರಲ್ಲಿ ತೀರಾ ಕೆಳಗಿನದ್ದು ಎಂ15, ಅಂದ್ರೆ ಇಡೀ ಟೂರ್ನಿಯ ಬಹುಮಾನ ಸೇರಿ 15 ಸಾವಿರ ಡಾಲರ್. ಗೆದ್ದವನಿಗೆ 2 ಸಾವಿರ ಡಾಲರ್ ಚಿಲ್ಲರೆ, ಮೊದಲ ರೌಂಡಲ್ಲಿ ಸೋತವನಿಗೆ 150 ಡಾಲರ್ ಆಸುಪಾಸು, ಅದ್ರಲ್ಲೂ ಟ್ಯಾಕ್ಸ್ ಹಿಡ್ಕೊಂಡು ಕೊಡ್ತಾರೆ, ಆ ವಾರದ ಹೋಟೆಲ್ ಬಿಲ್ಲಿಗೂ ಸಾಲಲ್ಲ. ರ‍್ಯಾಂಕಿಂಗ್ ಕೊಡೋ ಪಾಯಿಂಟ್ ಲೆಕ್ಕ ಇನ್ನೂ ಕಷ್ಟ. ಎಂ15 ಗೆದ್ರೆ 15 ಪಾಯಿಂಟ್. ಜಗತ್ತಿನ ಮೊದಲ 100ರ ಒಳಗೆ ಬರೋಕೆ ಸುಮಾರು 600 ಬೇಕು. ವರ್ಷದಲ್ಲಿ ಒಳ್ಳೆ 18-19 ರಿಸಲ್ಟ್ ಮಾತ್ರ ಲೆಕ್ಕಕ್ಕೆ ತೊಗೊಳ್ತಾರೆ, ಹಾಗಾಗಿ ಹೋದಲ್ಲೆಲ್ಲ ಕಪ್ ಹೊಡೆದ್ರೂ ಆ ಮಟ್ಟದಲ್ಲಿ 300 ಮುಟ್ಟಲ್ಲ. ಮೇಲಿನ ಚಾಲೆಂಜರ್ ಟೂರ್ನಿಗಳಿಗೆ ಹತ್ತಲೇಬೇಕು, ಅಲ್ಲಿ 50ರಿಂದ 175 ಪಾಯಿಂಟ್ ತನಕ ಸಿಗ್ತದೆ. ಫ್ರೆಂಚ್ ಓಪನ್ ಸಿಂಗಲ್ಸಿನ 128 ಜಾಗದಲ್ಲಿ 104 ರ‍್ಯಾಂಕಿಂಗ್ ನೋಡಿ ನೇರ ಕೊಡ್ತಾರೆ, 16 ಕ್ವಾಲಿಫೈಯಿಂಗ್ ಆಡಿ ಬರೋರಿಗೆ, 8 ವೈಲ್ಡ್ ಕಾರ್ಡ್, ಅಂದ್ರೆ ಆಯೋಜಕರು ತಾವೇ ಕರೆಯೋರಿಗೆ. 2025ರಲ್ಲಿ ಮೊದಲ ರೌಂಡ್ ಸೋತವನಿಗೂ 78 ಸಾವಿರ ಯೂರೋ ಸಿಕ್ತು. ಅಂದ್ರೆ ಕೆಳಗೆ ಕಪ್ ಗೆದ್ರೂ ಬಡತನ, ಮೇಲೆ ಸೋತ್ರೂ ಸಂಪಾದನೆ. ನಡುವೆ ಇರೋ ಆ 150-400ರ ರ‍್ಯಾಂಕಲ್ಲಿ ಎಷ್ಟು ವರ್ಷ ಕಳೀತಾನೆ ಅನ್ನೋದ್ರ ಮೇಲೆ ಮನೆ ಉಳಿಯೋದು ಮುಳುಗೋದು ನಿಂತಿದೆ. 2024ರಿಂದ ಗಂಡಸರ ಪ್ರೊ ಟೆನಿಸ್ ನಡೆಸೋ ಎಟಿಪಿಯವ್ರು ಬೇಸ್‌ಲೈನ್ ಅಂತ ಒಂದು ವ್ಯವಸ್ಥೆ ತಂದ್ರು, ಮೊದಲ ವರ್ಷದ ಲೆಕ್ಕದಲ್ಲಿ 100ರ ಒಳಗಿನೋರಿಗೆ 3 ಲಕ್ಷ ಡಾಲರ್, 175ರ ತನಕ 1.5 ಲಕ್ಷ, 250ರ ತನಕ 75 ಸಾವಿರ, ಸಂಪಾದನೆ ಅದಕ್ಕಿಂತ ಕಮ್ಮಿ ಆದ್ರೆ ಉಳಿದದ್ದನ್ನ ಅವ್ರು ತುಂಬ್ತಾರೆ. ಹಾಗಾಗಿ ಈಗ ನಾನು ಮಕ್ಕಳ ಅಪ್ಪ ಅಮ್ಮಂದ್ರಿಗೆ ಹೇಳೋ ಗೆರೆ 250. ಅದ್ರ ಒಳಗೆ ಬಂದ್ರೆ ಅದು ಉದ್ಯೋಗ, ಹೊರಗಿದ್ರೆ ಖರ್ಚು.

ನಮ್ಮ ದೇಶದಲ್ಲಿ ಈಗಿನ ಕಾಲದಲ್ಲಿ ಕ್ಲೇಯಲ್ಲೇ ಹೆಸರು ಮಾಡಿದೋರು ಅಂದ್ರೆ ಸುಮಿತ್ ನಗಾಲ್. ಹರಿಯಾಣದ ಝಜ್ಜರ್ ಕಡೆಯವ್ರು, ಚಿಕ್ಕವರಿದ್ದಾಗ ಮಹೇಶ್ ಭೂಪತಿ ಅಕಾಡೆಮಿಗೆ ಸೇರಿದ್ರು, ಆಮೇಲೆ ಜರ್ಮನಿಯಲ್ಲಿ ಟ್ರೇನಿಂಗು. 2019ರಲ್ಲಿ ಬ್ಯೂನಸ್ ಐರಿಸ್ ಚಾಲೆಂಜರ್, 2023ರಲ್ಲಿ ರೋಮ್ ಮತ್ತೆ ಟಾಂಪೆರೆ, 2024ರಲ್ಲಿ ಹೈಲ್‌ಬ್ರಾನ್, ಎಲ್ಲ ಕ್ಲೇ. 2024ರ ಮಾಂಟೆ ಕಾರ್ಲೊದಲ್ಲಿ ಕ್ವಾಲಿಫೈಯಿಂಗ್ ಆಡಿ ಬಂದು ಮೇನ್ ಡ್ರಾದಲ್ಲಿ (ಮುಖ್ಯ ಸುತ್ತಲ್ಲಿ) ಇಟಲಿಯ ಆರ್ನಾಲ್ಡಿಯನ್ನ ಸೋಲಿಸಿದ್ರು, ಮಾಸ್ಟರ್ಸ್ ಅನ್ನೋ ದೊಡ್ಡ ಟೂರ್ನಿಗಳಲ್ಲಿ ಕ್ಲೇ ಮೇಲೆ ಸಿಂಗಲ್ಸ್ ಮೇನ್ ಡ್ರಾ ಪಂದ್ಯ ಗೆದ್ದ ಮೊದಲ ಭಾರತೀಯ. ಆ ಜುಲೈನಲ್ಲಿ 68ನೇ ರ‍್ಯಾಂಕ್. ಈಗ ಇದ್ರ ಹಿಂದಿನ ವರ್ಷ ನೋಡಿ, 2023ರ ಸೆಪ್ಟೆಂಬರಲ್ಲಿ ಇದೇ ಮನುಷ್ಯ, ಆಗ ದೇಶದ ನಂಬರ್ ಒನ್, ನನ್ನ ಬ್ಯಾಂಕ್ ಖಾತೇಲಿ 900 ಯೂರೋ ಇದೆ ಅಂತ ಸಂದರ್ಶನದಲ್ಲಿ ಹೇಳಿದ್ರು. ಒಬ್ಬ ಕೋಚ್ ಜೊತೆ ಓಡಾಡೋಕೆ ವರ್ಷಕ್ಕೆ 80 ಲಕ್ಷದಿಂದ ಒಂದು ಕೋಟಿ ಖರ್ಚು ಅಂತ ಲೆಕ್ಕನೂ ಕೊಟ್ರು. ಸಾಲ ಬೇಡ ಅಂತ ನಾನು ಯಾಕೆ ಮೊದ್ಲೇ ಹೇಳಿದೆ ಅಂತ ಗೊತ್ತಾಯ್ತಲ್ಲ. ನಿಮ್ಮ ತೋಟ ಎಷ್ಟು ಎಕ್ರೆನೇ ಇರ್ಲಿ, ಈ ಲೆಕ್ಕಕ್ಕೆ ಸಾಲಲ್ಲ, ಕೊಳೆರೋಗ ಬಂದ ವರ್ಷ ಅಂತೂ ಕೇಳ್ಲೇಬೇಡಿ.

ಬರೀ ಕ್ಲೇ ಮೇಲೆ ಬದುಕಿದ ಆಟಗಾರರು ಇರ್ಲಿಲ್ವಾ ಅಂದ್ರೆ, ಇದ್ರು, ಬೇಕಾದಷ್ಟು ಜನ ಇದ್ರು. ಆಸ್ಟ್ರಿಯಾದ ಥಾಮಸ್ ಮಸ್ಟರ್ 44 ಟೈಟಲ್ ಗೆದ್ದಿದ್ರಲ್ಲಿ 40 ಕ್ಲೇ. 1989ರಲ್ಲಿ ಮಯಾಮಿಯಲ್ಲಿ ಕುಡಿದು ಗಾಡಿ ಓಡಿಸಿದವ ಗುದ್ದಿ ಮೊಣಕಾಲು ಹೋಗಿತ್ತು, ಕಾಲಿಗೆ ಪಟ್ಟಿ ಕಟ್ಕೊಂಡು ಬೆಂಚ್ ಮೇಲೆ ಕೂತೇ ಬಾಲ್ ಹೊಡೀತಿದ್ರು, 1995ರಲ್ಲಿ ಫ್ರೆಂಚ್ ಓಪನ್ ಗೆದ್ರು, ಮುಂದಿನ ವರ್ಷ ನಂಬರ್ ಒನ್. ಆದ್ರೆ ಹುಲ್ಲಿನ ಕೋರ್ಟಿನ ವಿಂಬಲ್ಡನ್ನಲ್ಲಿ ನಾಲ್ಕು ಸಲ ಆಡಿ ಒಂದು ಪಂದ್ಯನೂ ಗೆಲ್ಲಲಿಲ್ಲ. ಆಗ ಅದು ನಡೀತಿತ್ತು, ಹುಲ್ಲು ಹುಲ್ಲಿನೋರಿಗೆ, ಮಣ್ಣು ಮಣ್ಣಿನೋರಿಗೆ. 2000ದಲ್ಲಿ ಸೀಡಿಂಗ್ (ದೊಡ್ಡ ಆಟಗಾರರು ಶುರುವಲ್ಲೇ ಎದುರಾಗದ ಹಾಗೆ ಕೊಡೋ ಕ್ರಮಾಂಕ) ಸರಿ ಇಲ್ಲ ಅಂತ ಕೆಲವು ಸ್ಪೇನ್ ಆಟಗಾರರು ವಿಂಬಲ್ಡನ್ನಿಗೇ ಹೋಗಲಿಲ್ಲ. 2001ರಿಂದ ವಿಂಬಲ್ಡನ್ ಹುಲ್ಲಿನ ಜಾತಿನೇ ಬದಲಾಯ್ತು, ಪೂರ್ತಿ ರೈ ಹುಲ್ಲು, ನೆಲ ಗಟ್ಟಿಯಾಗಿ ಬಾಲ್ ಮೇಲೆ ಬರೋಕೆ ಶುರು. ಅದೇ ವರ್ಷ ಸೀಡ್ 16ರಿಂದ 32ಕ್ಕೆ ಏರಿತು. ಅಲ್ಲಿಂದ ಮುಂದೆ ಎಲ್ಲ ಕೋರ್ಟಲ್ಲೂ ಆಡಬಲ್ಲವನೇ ಮೇಲೆ. ನಡಾಲನ್ನೇ ತೊಗೊಳ್ಳಿ, ರೋಲ್ಯಾಂಡ್ ಗ್ಯಾರೋಸಲ್ಲಿ 112 ಗೆದ್ದು 4 ಸೋತು 14 ಸಲ ಚಾಂಪಿಯನ್, ಮಣ್ಣಿನ ರಾಜ ಅಂತಲೇ ಹೆಸರು, ಆದ್ರೂ ವಿಂಬಲ್ಡನ್ 2, ಅಮೆರಿಕ 4, ಆಸ್ಟ್ರೇಲಿಯಾ 2. ಈಗ ನಂಬರ್ ಒನ್ ಎರಡರಲ್ಲಿ ಇರೋರು ಯಾರೂ ಒಂದೇ ನೆಲ ನಂಬಿ ಕೂತಿಲ್ಲ.

ಆದ್ರೆ 20ರಿಂದ 150ರ ನಡುವೆ ಕ್ಲೇ ಮೇಲೆ ಹೆಚ್ಚು ದುಡಿಯೋರು ಈಗ್ಲೂ ಇದ್ದಾರೆ, ಅವ್ರ ಕ್ಯಾಲೆಂಡರ್ ನೋಡಿದ್ರೆ ಜಾಣತನ ಗೊತ್ತಾಗ್ತದೆ. ಫೆಬ್ರವರಿಯಲ್ಲಿ ಬೇರೆಯೋರು ಯೂರೋಪು ದುಬೈ ಅಂತ ಹಾರ್ಡ್ ಕೋರ್ಟಲ್ಲಿ (ಸಿಮೆಂಟಿನಂಥ ಗಟ್ಟಿ ನೆಲ) ಇರೋವಾಗ ಇವ್ರು ಬ್ಯೂನಸ್ ಐರಿಸ್, ರಿಯೊ, ಸ್ಯಾಂಟಿಯಾಗೊಗೆ ಹೋಗ್ತಾರೆ. ಏಪ್ರಿಲಿಂದ ಜೂನ್ ಮೊದಲ ವಾರ ಯೂರೋಪಿನ ದೊಡ್ಡ ಕ್ಲೇ. ವಿಂಬಲ್ಡನ್ ಮುಗಿದ ಮೇಲೆ ದೊಡ್ಡೋರು ರಜೆಗೆ ಹೋದಾಗ ಇವ್ರು ಬಾಸ್ಟಾಡ್, ಗ್ಸ್ಟಾಡ್, ಉಮಾಗ್, ಕಿಟ್ಜ್‌ಬ್ಯೂಲ್ ಅಂತ ವಾಪಸ್ ಮಣ್ಣಿಗೆ. ನಾರ್ವೆಯ ಕ್ಯಾಸ್ಪರ್ ರೂಡ್ 2021ರ ಜುಲೈನಲ್ಲಿ ಬಾಸ್ಟಾಡ್, ಗ್ಸ್ಟಾಡ್, ಕಿಟ್ಜ್‌ಬ್ಯೂಲ್ ಮೂರನ್ನೂ ಸಾಲಾಗಿ ಮೂರು ವಾರದಲ್ಲಿ ಗೆದ್ದ. ಆಗ ಕೆಲವ್ರು ನಕ್ಕರು, ಸಣ್ಣ ಟೂರ್ನಿ ಅಂತ. ಮುಂದಿನ ವರ್ಷ ಫ್ರೆಂಚ್ ಓಪನ್ ಫೈನಲ್, ಅದೇ ವರ್ಷ ಹಾರ್ಡ್ ಕೋರ್ಟಲ್ಲಿ ಯುಎಸ್ ಓಪನ್ ಫೈನಲ್.

ಹುಡುಗ ಗಿಡ್ಡ ಇದ್ದಾನೆ ಅಂತ ಚಿಂತೆ ಇದ್ರೆ ಅರ್ಜೆಂಟೀನಾದ ಡಿಯೆಗೊ ಶ್ವಾರ್ಟ್ಜ್‌ಮನ್ ಬಗ್ಗೆ ಓದಿಸಿ. 1.70 ಮೀಟರ್ ಎತ್ತರ. ಚಿಕ್ಕವನಿದ್ದಾಗ ಟೂರ್ನಿ ಖರ್ಚಿಗೆ ಅಮ್ಮನ ಜೊತೆ ರಬ್ಬರ್ ಕೈಬಳೆ ಮಾರ್ತಿದ್ರು. 2020ರಲ್ಲಿ ರೋಮಲ್ಲಿ ನಡಾಲ್‌ನ ಸೋಲಿಸಿ, ಅದೇ ವರ್ಷ ಪ್ಯಾರಿಸಲ್ಲಿ ಸೆಮಿಫೈನಲ್, 8ನೇ ರ‍್ಯಾಂಕ್. 2025ರ ಫೆಬ್ರವರಿಯಲ್ಲಿ ತನ್ನ ಊರು ಬ್ಯೂನಸ್ ಐರಿಸಲ್ಲೇ ಆಡಿ ನಿಲ್ಲಿಸಿದ. ಕ್ಲೇ ಗಿಡ್ಡೋರಿಗೆ ಸ್ವಲ್ಪ ಕರುಣೆ ತೋರಿಸೋ ನೆಲ, ಸರ್ವ್ ಒಂದರಲ್ಲೇ ಪಾಯಿಂಟ್ ಹೋಗಲ್ಲ.

ದೇಹದ ವಿಷ್ಯದಲ್ಲಿ ಮಾತ್ರ ಕರುಣೆ ಕಮ್ಮಿ. ಜಾರೋದ್ರಿಂದ ಮಂಡಿಗೆ ಹೊಡೆತ ಹಾರ್ಡ್ ಕೋರ್ಟಿಗಿಂತ ಕಮ್ಮಿ, ಅದು ಹೌದು. ಆದ್ರೆ ರ‍್ಯಾಲಿ ಉದ್ದ, ಪಂದ್ಯ ಉದ್ದ, 2025ರ ಪ್ಯಾರಿಸ್ ಫೈನಲಲ್ಲಿ ಅಲ್ಕರಾಜ್ ಮತ್ತು ಸಿನ್ನರ್ 5 ಗಂಟೆ 29 ನಿಮಿಷ ಆಡಿದ್ರು. ಬ್ರೆಜಿಲಿನ ಗುಸ್ಟಾವೊ ಕುಎರ್ಟೆನ್, ಫ್ಲೋರಿಯಾನೊಪೊಲಿಸ್ ಅನ್ನೋ ಕಡಲ ಊರಿನ ಹುಡುಗ, 1997ರಲ್ಲಿ 66ನೇ ರ‍್ಯಾಂಕಿನೋನು ಬಂದು ಫ್ರೆಂಚ್ ಓಪನ್ ಗೆದ್ದ, ಮತ್ತೆ 2000, 2001. 2002ರಲ್ಲಿ ಸೊಂಟದ ಆಪರೇಷನ್, ಆಮೇಲೆ ಆ ಆಟ ಪೂರ್ತಿ ವಾಪಸ್ ಬರಲೇ ಇಲ್ಲ, 2008ರಲ್ಲಿ ಪ್ಯಾರಿಸಲ್ಲೇ ವಿದಾಯ ಹೇಳಿದ. ನಿಮ್ಮ ಮಗನಿಗೆ 13, ಎಲುಬು ಇನ್ನೂ ಬೆಳೀತಾ ಇದೆ. ಯಾರಾದ್ರೂ ಪೂರ್ತಿ ಪಾಲಿಯೆಸ್ಟರ್ ಸ್ಟ್ರಿಂಗ್ ಹಾಕಿಕೊಟ್ಟಿದ್ರೆ ಇವತ್ತೇ ತೆಗೆಸಿ. ಗಟ್ಟಿ ಬಾಳಿಕೆ ಬರ್ತದೆ, ಸ್ಪಿನ್ ಸಿಗ್ತದೆ, ಎಲ್ಲ ಸರಿ, ಆದ್ರೆ ಈ ವಯಸ್ಸಿಗೆ ಮೊಣಕೈ ಮತ್ತೆ ಮಣಿಕಟ್ಟಿಗೆ ಒಳ್ಳೇದಲ್ಲ. ಮೆತ್ತಗಿನ ಮಲ್ಟಿಫಿಲಮೆಂಟ್ ಹಾಕ್ಸಿ, ಮಣ್ಣಿನ ಪುಡಿ ತಿಕ್ಕಿ ಬೇಗ ಹರೀತದೆ, ಹರೀಲಿ ಬಿಡಿ.

ಹಂಗಾದ್ರೆ ಈಗ ಎಂತ ಮಾಡೋದು? ಮೊದ್ಲು ಐಟಾ (ಅಖಿಲ ಭಾರತ ಟೆನಿಸ್ ಸಂಸ್ಥೆ) ರಿಜಿಸ್ಟ್ರೇಷನ್ ಮಾಡಿಸಿ ಅಂಡರ್-14 ಆಡಿಸಿ, ಆಮೇಲೆ ಅಂಡರ್-16. ಇವು ಹೆಚ್ಚಿನವು ಹಾರ್ಡ್ ಕೋರ್ಟೇ, ಬೇಜಾರಾಗಬೇಡಿ, ಹಾರ್ಡ್ ಕೋರ್ಟಲ್ಲಿ ಬಾಲ್ ಬೇಗ ತೊಗೊಳ್ಳೋಕೆ ಕಲಿಯದ ಹುಡುಗ ಕ್ಲೇಯಲ್ಲೂ ಮುಂದೆ ಬರಲ್ಲ. 13 ತುಂಬಿದೋರಿಗೆ ಐಟಿಎಫ್ ಜೂನಿಯರ್ಸ್ ಬಾಗಿಲೂ ತೆರೀತದೆ, ಅದ್ರ ಕೆಳಗಿನ ಮೆಟ್ಟಿಲು ಜೆ30ಯಿಂದ ಶುರು, ಆದ್ರೆ ರಾಜ್ಯ ಮಟ್ಟದಲ್ಲಿ ಅವನ ವಯಸ್ಸಿನೋರನ್ನ ಸಲೀಸಾಗಿ ಸೋಲಿಸೋ ತನಕ ಅತ್ತ ನೋಡಬೇಡಿ. ಶಿರಸಿಯ ಮಣ್ಣಿನ ಕೋರ್ಟ್ ಬಿಡಿಸಬೇಡಿ, ಅದು ಕಾಲಿಗೆ ಸಿಕ್ಕ ವರ, ಆಟಕ್ಕೆ ಮುಂಚೆ ನೀರು ಹೊಡೆದು ರೋಲರ್ ಎಳೆದು ಆಮೇಲೆ ಆಡಿಸಿ, ಒಣ ಧೂಳಲ್ಲಿ ಬೇಡ. ಮಳೆಗಾಲದಲ್ಲಿ ಕೋರ್ಟ್ ಸಿಗಲ್ಲ, ಆಗ ಹಗ್ಗದಾಟ, ಮೆಟ್ಟಿಲು, ಹಾಲ್ ಇದ್ರೆ ಗೋಡೆಗೆ ಬಾಲ್. ಕಾಲು ಗಟ್ಟಿ ಆಗೋದು ಆ ನಾಲ್ಕು ತಿಂಗಳಲ್ಲೇ.

ಸ್ಪೇನು ಬೇಡ್ವೇ ಬೇಡ್ವಾ ಅಂತ ಕೇಳ್ತೀರಿ. ವರ್ಷಪೂರ್ತಿ ಈಗ ಬೇಡ. 15-16ಕ್ಕೆ ಅಂಡರ್-16ರಲ್ಲಿ ದೇಶದ ಮೊದಲ ಇಪ್ಪತ್ತರಲ್ಲಿ ಇದ್ರೆ, ಬೇಸಿಗೆ ರಜೆಲಿ ಮೂರ್ನಾಲ್ಕು ವಾರ ಕಳಿಸಿ ನೋಡಿ, ಸ್ಪೇನೇ ಆಗ್ಬೇಕಂತಿಲ್ಲ. ಪುಣೆಯ ಮಾನಸ್ ಧಾಮ್ನೆ ಇಟಲಿಯ ಬೊರ್ಡಿಗೆರಾದಲ್ಲಿ ಪಿಯಾಟ್ಟಿ ಸೆಂಟರಲ್ಲಿ ಕಲ್ತದ್ದು. ಆಮೇಲೆ ಪ್ರೊ ಶುರು ಮಾಡೋ ಹೊತ್ತಿಗೆ ಟರ್ಕಿಯ ಅಂಟಾಲ್ಯ ಇದೆ, ಅಲ್ಲಿ ಒಂದೇ ಊರಲ್ಲಿ ವಾರದ ಮೇಲೆ ವಾರ ಎಂ15 ಕ್ಲೇ ನಡೀತದೆ, ಊರೂರು ತಿರುಗೋ ಖರ್ಚು ಉಳೀತದೆ. ಇನ್ನೊಂದು ವಿಷ್ಯ ಯಾರೂ ಹೇಳಲ್ಲ, ವೀಸಾ. ನಮ್ಮ ಪಾಸ್‌ಪೋರ್ಟಿಗೆ ಶೆಂಗೆನ್ ವೀಸಾದಲ್ಲಿ ಯಾವುದೇ 180 ದಿನದಲ್ಲಿ 90 ದಿನ ಮಾತ್ರ ಇರೋಕೆ ಬಿಡ್ತಾರೆ. ಏಪ್ರಿಲಿಂದ ಆಗಸ್ಟ್ ತನಕದ ಇಡೀ ಕ್ಲೇ ಸೀಸನ್ ಅದ್ರಲ್ಲಿ ಹಿಡಿಸಲ್ಲ. ಸ್ಪೇನಿನ ಹುಡುಗ ಬಸ್ ಹತ್ತಿ ಪಕ್ಕದ ಊರಿನ ಟೂರ್ನಿಗೆ ಹೋಗಿ ಸಂಜೆ ಮನೇಲಿ ಊಟ ಮಾಡ್ತಾನೆ. ನಮ್ಮ ಹುಡುಗ ಬೆಂಗಳೂರಲ್ಲಿ ಬೆರಳಚ್ಚು ಕೊಟ್ಟು ಪಾಸ್‌ಪೋರ್ಟ್ ವಾಪಸ್ ಬರೋದನ್ನೇ ಕಾಯ್ತಾ ಕೂತಿರ್ತಾನೆ, ಅಷ್ಟೊತ್ತಿಗೆ ಎರಡು ಟೂರ್ನಿ ಮುಗಿದಿರ್ತವೆ.

ನನ್ನ ಕೇಳಿದ್ರೆ ನಿಮ್ಮಂಥ ಮನೆಗೆ ಸರಿಯಾದ ದಾರಿ ಪಿಯುಸಿ ಮುಗಿಸಿ ಅಮೆರಿಕದ ಕಾಲೇಜ್ ಟೆನಿಸ್. ಸ್ಕಾಲರ್‌ಶಿಪ್ ಎಲ್ಲರಿಗೂ ಪೂರ್ತಿ ಸಿಗಲ್ಲ, ಸಿಕ್ಕಷ್ಟು ಸಿಗ್ತದೆ, ಕೋರ್ಟು ಕೋಚು ಜಿಮ್ಮು ಪಂದ್ಯ ಎಲ್ಲ ಒಂದೇ ಕಡೆ, ಕೈಲಿ ಡಿಗ್ರಿ. ಅಲ್ಲಿ ಹಾರ್ಡ್ ಕೋರ್ಟು, ಕ್ಲೇ ಆಟ ಹಾಳಾಗ್ತದೆ ಅಂತ ನಿಮ್ಮ ಕೋಚ್ ಹೇಳಬಹುದು. ಬ್ರಿಟನ್ನಿನ ಕ್ಯಾಮರಾನ್ ನೋರಿ ಟೆಕ್ಸಸ್ಸಿನ ಕಾಲೇಜಲ್ಲಿ ಆಡಿ ಬಂದೋನು, 2023ರ ರಿಯೊ ಓಪನ್ ಫೈನಲಲ್ಲಿ ಕ್ಲೇ ಮೇಲೆ ಅಲ್ಕರಾಜ್‌ನ ಸೋಲಿಸಿದ. 22ಕ್ಕೆ ಪ್ರೊ ಆದ್ರೂ ತಡ ಆಗಲ್ಲ, ಸಸಿ ನೆಟ್ಟ ವರ್ಷವೇ ಅಡಿಕೆ ಕೊಯ್ದೋರು ಯಾರಿದ್ದಾರೆ ಹೇಳಿ.

ಸಿಂಗಲ್ಸ್ ಕೈ ಕೊಟ್ರೆ ಎಲ್ಲ ಮುಗೀತು ಅಂತನೂ ಅಲ್ಲ. ಜರ್ಮನಿಯಲ್ಲಿ ಜುಲೈ-ಆಗಸ್ಟಲ್ಲಿ ಕ್ಲಬ್ಬುಗಳ ಬುಂಡೆಸ್‌ಲೀಗಾ ನಡೀತದೆ, ಇಟಲಿ ಫ್ರಾನ್ಸಲ್ಲೂ ಇಂಥದ್ದೇ ಲೀಗ್, ಎಲ್ಲ ಹೆಚ್ಚಾಗಿ ಕ್ಲೇ. ರ‍್ಯಾಂಕ್ ಪಾಯಿಂಟ್ ಇಲ್ಲ, ಆದ್ರೆ ಪಂದ್ಯಕ್ಕೆ ಇಷ್ಟು ಅಂತ ಮೊದ್ಲೇ ಮಾತಾಡಿ ದುಡ್ಡು ಕೊಡ್ತಾರೆ, ಇನ್ನೂರು ಮುನ್ನೂರರ ಆಸುಪಾಸು ಇರೋ ಬಹಳ ಜನರ ಮನೆ ನಡೆಯೋದು ಹೀಗೇ, ಪೇಪರಲ್ಲಿ ಬರಲ್ಲ ಅಷ್ಟೇ. ಡಬಲ್ಸ್ ಇನ್ನೊಂದು. ಅರ್ಜೆಂಟೀನಾದ ಹೊರಾಸಿಯೊ ಜೆಬಾಯೊಸ್ 2013ರಲ್ಲಿ ಚಿಲಿಯ ಕ್ಲೇ ಫೈನಲಲ್ಲಿ ನಡಾಲ್‌ಗೆ ಸೋಲಿನ ರುಚಿ ತೋರಿಸಿದ, ಆದ್ರೂ ಸಿಂಗಲ್ಸಲ್ಲಿ 39ನೇ ರ‍್ಯಾಂಕ್ ದಾಟಲಿಲ್ಲ, 2024ರಲ್ಲಿ 39ನೇ ವಯಸ್ಸಿಗೆ ಡಬಲ್ಸ್ ನಂಬರ್ ಒನ್ ಆದ, 2025ರಲ್ಲಿ ಫ್ರೆಂಚ್ ಓಪನ್ ಡಬಲ್ಸ್ ಗೆದ್ದ. ನಮ್ಮ ಕೊಡಗಿನ ರೋಹನ್ ಬೋಪಣ್ಣ 2017ರಲ್ಲಿ ಪ್ಯಾರಿಸ್ ಕ್ಲೇಯಲ್ಲೇ ಮಿಕ್ಸೆಡ್ ಡಬಲ್ಸ್ ಗೆದ್ದೋರು, 43ಕ್ಕೆ ಡಬಲ್ಸ್ ನಂಬರ್ ಒನ್. ಹಾಗಾಗಿ ಈಗಿಂದಲೇ ವಾಲಿ, ಅಂದ್ರೆ ಬಾಲ್ ನೆಲಕ್ಕೆ ಬೀಳೋ ಮುಂಚೆ ಹೊಡೆಯೋದು, ಕಲಿಸಿ. ಹಿಂದೆ ನಿಂತು ಆಡೋ ಮಕ್ಕಳಿಗೆ ನೆಟ್ ಹತ್ರ ಹೋಗೋಕೆ ಸೋಮಾರಿತನ, ಅದನ್ನ 13ಕ್ಕೇ ಬಿಡಿಸ್ಬೇಕು.

ಹುಬ್ಬಳ್ಳಿ ಕೋಚಿಗೆ ಒಂದೇ ಪ್ರಶ್ನೆ ಕೇಳಿ, ಅವರು ಕಳಿಸಿದ ಹುಡುಗರಲ್ಲಿ ಯಾರು ಎಷ್ಟನೇ ರ‍್ಯಾಂಕಲ್ಲಿ ಇದ್ದಾರೆ ಅಂತ. ಜೊತೆಗೆ ಆ ಅಕಾಡೆಮಿಯಿಂದ ಅವ್ರಿಗೆ ಕಮಿಷನ್ ಇದ್ಯಾ ಅಂತನೂ ಕೇಳಿ, ಮುಜುಗರ ಬೇಡ, ದುಡ್ಡು ನಿಮ್ಮದು.

ಮಗನ ವಿಡಿಯೋ ಒಂದು ಕಳಿಸಿ, ನೋಡಿ ಹೇಳ್ತೇನೆ. ಗೆದ್ದ ಪಾಯಿಂಟ್ ಆರಿಸಿ ಕಟ್ ಮಾಡಿದ್ದು ಬೇಡ, ಒಂದು ಪೂರ್ತಿ ಸೆಟ್ ಕಳಿಸಿ, ಸೋತಿದ್ದಾದ್ರೆ ಇನ್ನೂ ಒಳ್ಳೇದು. ಫೋನನ್ನ ಹಿಂದಿನ ಬೇಲಿಗೆ ಸ್ವಲ್ಪ ಎತ್ತರಕ್ಕೆ ಕಟ್ಟಿ, ಬೇಸ್‌ಲೈನ್ ಎರಡೂ ಮೂಲೆ ಮತ್ತೆ ಅವನ ಕಾಲು ಕಾಣೋ ಹಾಗಿರ್ಲಿ.